ಒಂದೇ ತೂಬು, ಹಲವು ಕಾಲುವೆ: ಜೀವಕೋಶದ ಸಂಕೇತಗಳನ್ನು ಆಯ್ದು ತಿದ್ದುವ ಔಷಧಗಳು

ಸಿರಗುಪ್ಪ, ಸಿಂಧನೂರು ಭಾಗದ ಹೊಲಗಳಲ್ಲಿ ಬೇಸಿಗೆ ಕಾಲಿಡುವ ಹೊತ್ತಿಗೆ ಒಣಮೆಣಸಿನಕಾಯಿ ಕಣದ ತುಂಬ ಹರಡಿರುತ್ತದೆ. ಬಣ್ಣಗೆಟ್ಟ ಕಾಯಿಯನ್ನು ಆರಿಸಿ ಬೇರೆ ಮಾಡಿ, ಉಳಿದದ್ದನ್ನು ಚೀಲಕ್ಕೆ ತುಂಬುವ ಹೆಣ್ಣುಮಕ್ಕಳ ಕೈ ಸಂಜೆಯಾಗುವಷ್ಟರಲ್ಲಿ ಬೆಂಕಿಗೆ ಹಿಡಿದಂತೆ ಉರಿಯತೊಡಗುತ್ತದೆ. ತಣ್ಣೀರಿನಲ್ಲಿ ಅದ್ದಿದರೆ ಅದ್ದಿದಷ್ಟು ಹೊತ್ತು ಮಾತ್ರ ಸಮಾಧಾನ. ಚರ್ಮ ಸುಟ್ಟಿರುವುದಿಲ್ಲ, ಬೊಬ್ಬೆ ಎದ್ದಿರುವುದಿಲ್ಲ. ಆದರೂ ಮೆದುಳಿಗೆ ಮುಟ್ಟುವ ಸುದ್ದಿ ‘ಕೈ ಸುಡುತ್ತಿದೆ’ ಎಂಬುದೇ.

ಈ ಸುಳ್ಳು ಸುದ್ದಿಯನ್ನು ಹುಟ್ಟಿಸುವುದು ಕ್ಯಾಪ್ಸೈಸಿನ್ ಎಂಬ ಒಂದು ಸಣ್ಣ ಅಣು. ನೋವಿನ ನರಗಳ ತುದಿಯಲ್ಲಿ ಟಿ.ಆರ್.ಪಿ.ವಿ.1 ಎಂಬ ಪ್ರೋಟೀನಿನ ದ್ವಾರವೊಂದಿದ್ದು, ಅದು ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ತಗುಲಿದಾಗ ತೆರೆದುಕೊಂಡು ನರವನ್ನು ಎಚ್ಚರಿಸುತ್ತದೆ. ಕ್ಯಾಪ್ಸೈಸಿನ್ ಅದೇ ದ್ವಾರವನ್ನು ಬಿಸಿಯಿಲ್ಲದೆಯೇ ತೆರೆಯಬಲ್ಲದು. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು ಪತ್ತೆ ಮಾಡಿತು. 2021ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಈ ಶೋಧಕ್ಕಾಗಿಯೇ. ಮೆಣಸಿನಕಾಯಿಯ ಉರಿ ಒಂದು ರುಚಿಯಲ್ಲ, ಅಣುವೊಂದು ಜೀವಕೋಶದ ಸಂಕೇತ ವ್ಯವಸ್ಥೆಯೊಳಗೆ ಕೈಹಾಕಿದ ಪರಿಣಾಮ. ಇಂದಿನ ಔಷಧ ಸಂಶೋಧನೆಯ ದೊಡ್ಡ ಭಾಗವೊಂದು ಮಾಡುತ್ತಿರುವುದೂ ಇದನ್ನೇ, ಆದರೆ ಉದ್ದೇಶಪೂರ್ವಕವಾಗಿ, ಅಳೆದು, ಆಯ್ದು.

ಜೀವಕೋಶದ ಪೊರೆಯಲ್ಲಿ ಕುಳಿತು ಹೊರಗಿನ ಸುದ್ದಿಯನ್ನು ಒಳಗೆ ದಾಟಿಸುವ ಪ್ರೋಟೀನುಗಳನ್ನು ಇಂಗ್ಲಿಷಿನಲ್ಲಿ ರಿಸೆಪ್ಟರ್ ಎನ್ನುತ್ತಾರೆ. ಕೆಲವು ಪುಸ್ತಕಗಳು ಅದನ್ನು ‘ಗ್ರಾಹಕ’ ಎಂದು ಕನ್ನಡಿಸಿವೆಯಾದರೂ ನಮಗೆ ಗ್ರಾಹಕ ಎಂದ ಕೂಡಲೇ ಅಂಗಡಿಗೆ ಬಂದವರೇ ಕಣ್ಮುಂದೆ ನಿಲ್ಲುವುದರಿಂದ ನಾನು ‘ಗ್ರಾಹಿ’ ಎಂಬ ಮಾತನ್ನು ಬಳಸುತ್ತೇನೆ. ಇವುಗಳಲ್ಲಿ ಅತಿ ದೊಡ್ಡ ಕುಟುಂಬ, ಸುದ್ದಿಯನ್ನು ಕೋಶದೊಳಗೆ ಮುಂದಕ್ಕೆ ಒಯ್ಯುವ ಜಿ ಪ್ರೋಟೀನಿಗೆ ಜೋಡಿಸಿಕೊಂಡ ಗ್ರಾಹಿಗಳದು. ಮನುಷ್ಯರ ಜೀನುಗಳಲ್ಲಿ ಇಂಥವು ಸುಮಾರು 800 ಇವೆ, ಬಳಕೆಯಲ್ಲಿರುವ ಔಷಧಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕೆಲಸ ಮಾಡುವುದು ಇವುಗಳ ಮೇಲೆಯೇ. ರಕ್ತದೊತ್ತಡದ ಗುಳಿಗೆ, ದಮ್ಮಿನ ಪಂಪು, ಅಲರ್ಜಿಯ ಮಾತ್ರೆ, ಮಾರ್ಫಿನ್ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಈ ಗ್ರಾಹಿಗಳು ಕೆಲಸ ಮಾಡುವ ಬಗೆಯನ್ನು ಬಿಡಿಸಿಟ್ಟ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಆಯ್ಕೆಯ ಮೊದಲ ಹಂತ ಸರಳವಾದದ್ದು: ಒಂದೇ ಕುಟುಂಬದ ಅಕ್ಕಪಕ್ಕದ ಗ್ರಾಹಿಗಳಲ್ಲಿ ಒಂದನ್ನು ಮುಟ್ಟುವುದು, ಇನ್ನೊಂದನ್ನು ಬಿಡುವುದು. ಇದು ಎಷ್ಟು ಗಂಭೀರವಾದ ಸಂಗತಿ ಎಂಬುದನ್ನು ನಾನು ಪಾಠ ಹೇಳುವ ಪುಸ್ತಕಕ್ಕಿಂತ ಮೊದಲು ಕಂಡದ್ದು ಕುಷ್ಟಗಿಯಲ್ಲಿರುವ ನಮ್ಮ ಸೋದರತ್ತೆಯ ಮನೆಯಲ್ಲಿ. ಅವರಿಗೆ ಬಹಳ ವರ್ಷಗಳಿಂದ ದಮ್ಮು ಇತ್ತು. ಕೈ ನಡುಗುತ್ತದೆಂದು ಯಾರೋ ಹೇಳಿದ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯಿಂದ ತರಿಸಿಕೊಂಡು ನುಂಗಿದರು. ಅದು ಪ್ರೊಪ್ರನೊಲಾಲ್. ರಾತ್ರಿ ಹತ್ತರ ಹೊತ್ತಿಗೆ ಕುಳಿತಲ್ಲಿಂದ ಏಳಲಾರದೆ, ಎರಡೂ ಕೈಯನ್ನು ಮಂಚದ ಅಂಚಿಗೆ ಊರಿ, “ಎದಿ ಮ್ಯಾಲ ಕಲ್ಲು ಇಟ್ಟಂಗ ಆಗೇತಿ, ತಮ್ಮಾ” ಎಂದು ಒಂದೊಂದೇ ಮಾತನ್ನು ಉಸಿರಿನ ನಡುವೆ ಹೊರಡಿಸುತ್ತಿದ್ದರು. ಪ್ರೊಪ್ರನೊಲಾಲ್ ಹೃದಯದಲ್ಲಿರುವ ಬೀಟಾ-1 ಗ್ರಾಹಿಯನ್ನೂ ಶ್ವಾಸನಾಳದಲ್ಲಿರುವ ಬೀಟಾ-2 ಗ್ರಾಹಿಯನ್ನೂ ಒಟ್ಟಿಗೆ ತಡೆಯುತ್ತದೆ. ಅವರ ಪಂಪಿನಲ್ಲಿದ್ದ ಸಾಲ್ಬುಟಮಾಲ್ ತೆರೆಯಬೇಕಾದದ್ದು ಅದೇ ಬೀಟಾ-2 ಗ್ರಾಹಿಯನ್ನು. ಒಂದು ಅಣು ಮುಚ್ಚಿದ ಬಾಗಿಲನ್ನು ಇನ್ನೊಂದು ಅಣು ಹೊರಗಿನಿಂದ ತಟ್ಟುತ್ತಿತ್ತು. ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ ಪ್ರೊಪ್ರನೊಲಾಲ್ ಅಸಂಖ್ಯ ಹೃದ್ರೋಗಿಗಳನ್ನು ಉಳಿಸಿದ ಔಷಧ, ಅದರಲ್ಲಿ ದೋಷವಿಲ್ಲ. ಅದು ಎಲ್ಲೆಲ್ಲಿ ತಲುಪುತ್ತದೆ ಎಂಬುದನ್ನು ಕೇಳದೆ ಕೊಟ್ಟದ್ದು ತಪ್ಪು.

ಇದೇ ಹಂತದ ಆಯ್ಕೆ ಜೀವ ಉಳಿಸಿದ ಉದಾಹರಣೆಯೂ ನಮ್ಮ ನೆಲಕ್ಕೆ ಹತ್ತಿರದ್ದೇ. ಕಲ್ಲು ಎತ್ತುವಾಗ, ಕಟ್ಟಿಗೆ ಸರಿಸುವಾಗ ಕೆಂಪು ಚೇಳು ಕಡಿಯುವುದು ರಾಯಚೂರು, ಕೊಪ್ಪಳದ ಹಳ್ಳಿಗಳಿಗೆ ಹೊಸತಲ್ಲ. ಅದರ ವಿಷ ನರಗಳ ಸೋಡಿಯಂ ದ್ವಾರಗಳನ್ನು ತೆರೆದಿಟ್ಟು, ಅಡ್ರಿನಲಿನ್ ಗುಂಪಿನ ರಾಸಾಯನಿಕಗಳು ರಕ್ತಕ್ಕೆ ನುಗ್ಗುವಂತೆ ಮಾಡುತ್ತದೆ. ರಕ್ತನಾಳಗಳು ಬಿಗಿಯುತ್ತವೆ, ಹೃದಯ ಸೋಲುತ್ತದೆ, ಶ್ವಾಸಕೋಶಗಳಲ್ಲಿ ನೀರು ತುಂಬುತ್ತದೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ವೈದ್ಯರಾಗಿದ್ದ ಹಿಮ್ಮತ್‌ರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಇಂಥ ರೋಗಿಗಳಿಗೆ ಪ್ರಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆಯನ್ನು ಕೊಡತೊಡಗಿದರು. ಆಲ್ಫಾ ಗ್ರಾಹಿಗಳನ್ನು ಮುಚ್ಚುವ ಹಳೆಯ ಔಷಧಗಳು, ರಕ್ತನಾಳಗಳನ್ನು ಬಿಗಿಗೊಳಿಸುವ ಆಲ್ಫಾ-1ರ ಜತೆಗೆ ಆಲ್ಫಾ-2 ಗ್ರಾಹಿಯನ್ನೂ ಮುಚ್ಚುತ್ತಿದ್ದವು. ಆದರೆ ಆಲ್ಫಾ-2 ಇರುವುದೇ ನರದ ತುದಿಯಲ್ಲಿ ಕುಳಿತು ‘ಇನ್ನು ಸಾಕು’ ಎಂದು ಹೇಳಲು. ಅದರ ಬಾಯಿ ಕಟ್ಟಿದರೆ ಬಿರುಗಾಳಿ ಇನ್ನಷ್ಟು ಬೀಸುತ್ತದೆ. ಪ್ರಜೋಸಿನ್ ಆಲ್ಫಾ-1 ಅನ್ನು ಮಾತ್ರ ಮುಚ್ಚಿ, ಆಲ್ಫಾ-2 ತನ್ನ ಕೆಲಸ ಮಾಡಿಕೊಂಡಿರಲು ಬಿಡುತ್ತದೆ. ಚೇಳು ಕಡಿತದ ಸಾವುಗಳು ಗಣನೀಯವಾಗಿ ಇಳಿದವು. ಪ್ರಜೋಸಿನ್ ಒಂದನ್ನೇ ಕೊಡುವುದಕ್ಕಿಂತ ಅದರೊಂದಿಗೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಬೇಗನೆ ಆಗುತ್ತದೆಂದು 2011ರಲ್ಲಿ ಅವರೇ ಪ್ರಕಟಿಸಿದ ಪ್ರಯೋಗ ತೋರಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಆಯ್ಕೆಯೇ ಯಾವಾಗಲೂ ಮೇಲು ಎಂದು ಇದರಿಂದ ತೀರ್ಮಾನಿಸಬಾರದು. ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಸೇರಿದವರಿಗೆ ಆಸ್ಪತ್ರೆಯಲ್ಲಿ ಮೊದಲು ಏರಿಸುವ ಅಟ್ರೊಪಿನ್, ಮಸ್ಕರಿನಿಕ್ ಎಂಬ ಗುಂಪಿನ ಗ್ರಾಹಿಗಳ ಐದೂ ಬಗೆಗಳನ್ನು ಭೇದವಿಲ್ಲದೆ ಮುಚ್ಚುತ್ತದೆ. ಅಲ್ಲಿ ಬೇಕಾಗಿರುವುದೂ ಅದೇ.

ಎರಡನೆಯ ಹಂತ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಈ ಲೇಖನ ಬರೆಯಲು ಕಾರಣವೂ ಅದೇ. ಗ್ರಾಹಿಯೊಂದು ತೆರೆದಾಗ ಒಳಗೆ ಹೋಗುವ ಸುದ್ದಿ ಒಂದೇ ಎಂದು ಬಹುಕಾಲ ನಂಬಲಾಗಿತ್ತು. ಹಾಗಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ತೂಬನ್ನು ಎತ್ತಿದರೆ ನೀರು ಹಲವು ಉಪಕಾಲುವೆಗಳಿಗೆ ಹಂಚಿಹೋಗುವಂತೆ, ಒಂದು ಗ್ರಾಹಿಯಿಂದ ಹಲವು ಸಂಕೇತಗಳು ಕವಲೊಡೆಯುತ್ತವೆ. ಜಿ ಪ್ರೋಟೀನುಗಳಲ್ಲಿಯೇ ನಾಲ್ಕು ಕುಟುಂಬಗಳಿವೆ. ಒಂದೇ ಗ್ರಾಹಿ ಅವುಗಳಲ್ಲಿ ಎರಡು ಮೂರನ್ನು ಒಟ್ಟಿಗೆ ಚುರುಕುಗೊಳಿಸಬಹುದು. ಅವುಗಳ ಜತೆಗೆ ಅರೆಸ್ಟಿನ್ ಎಂಬ ಪ್ರೋಟೀನು ಗ್ರಾಹಿಯ ಒಳಬದಿಗೆ ಬಂದು ಅಂಟಿಕೊಂಡು, ಸಂಕೇತವನ್ನು ನಿಲ್ಲಿಸಿ, ಗ್ರಾಹಿಯನ್ನು ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಕೆಲವೊಮ್ಮೆ ತಾನೇ ಬೇರೆ ಸಂಕೇತಗಳಿಗೆ ದಾರಿಯನ್ನೂ ಮಾಡಿಕೊಡುತ್ತದೆ. ಗ್ರಾಹಿಗೂ ಅರೆಸ್ಟಿನ್‌ಗೂ ನಡುವಿನ ಈ ಕೂಟವನ್ನು ನಮ್ಮ ದೇಶದಲ್ಲಿಯೇ ಅಧ್ಯಯನ ಮಾಡುತ್ತಿರುವ ಕಾನ್ಪುರ ಐಐಟಿಯ ಅರುಣ್ ಶುಕ್ಲಾ ಅವರಿಗೆ 2021ರ ಭಟ್ನಾಗರ್ ಪ್ರಶಸ್ತಿ ದೊರೆತಿದೆ.

ಹಾಗಾದರೆ ತೂಬನ್ನು ಪೂರ್ತಿ ಮುಚ್ಚುವ ಅಥವಾ ಪೂರ್ತಿ ಎತ್ತುವ ಬದಲು, ಬೇಕಾದ ಉಪಕಾಲುವೆಗೆ ಮಾತ್ರ ನೀರು ಬಿಡುವ ಅಣುವನ್ನು ಕಟ್ಟಲು ಸಾಧ್ಯವೇ? ಸಾಧ್ಯ ಎಂಬುದು ಈಗ ಸ್ಪಷ್ಟವಾಗಿದೆ. ಗ್ರಾಹಿ ಕಲ್ಲಿನಂತೆ ಗಟ್ಟಿಯಾಗಿ ನಿಂತಿರುವುದಿಲ್ಲ, ಕ್ಷಣಕ್ಷಣಕ್ಕೂ ಸ್ವಲ್ಪಸ್ವಲ್ಪವೇ ಆಕಾರ ಬದಲಿಸುತ್ತಿರುತ್ತದೆ. ಯಾವ ಅಣು ಬಂದು ಕುಳಿತಿದೆ ಎಂಬುದರ ಮೇಲೆ ಯಾವ ಆಕಾರ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ನಿರ್ಧಾರವಾಗುತ್ತದೆ, ಆ ಆಕಾರಕ್ಕೆ ಒಳಗಿನ ಯಾವ ಪ್ರೋಟೀನು ಹೊಂದುತ್ತದೆಯೋ ಅದರ ಸಂಕೇತವೇ ಮುಂದೆ ಹೋಗುತ್ತದೆ. ಅಣು ಕೂರುವ ಜಾಗವೂ ಒಂದೇ ಅಲ್ಲ. ದೇಹದ ಹಾರ್ಮೋನು ಕೂರುವ ಮುಖ್ಯ ಗೂಡು ಒಂದು ಕುಟುಂಬದ ಎಲ್ಲ ಗ್ರಾಹಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಆದರೆ ಅದರಿಂದ ದೂರದಲ್ಲಿರುವ ಪಕ್ಕದ ಗೂಡುಗಳು ಗ್ರಾಹಿಯಿಂದ ಗ್ರಾಹಿಗೆ ಬೇರೆ ಬೇರೆ. ಪಕ್ಕದ ಗೂಡಿನಲ್ಲಿ ಕೂರುವ ಅಣು ಹಾರ್ಮೋನಿನ ಜಾಗ ಕಸಿಯದೆ, ಅದರ ಮಾತಿನ ದನಿಯನ್ನು ಏರಿಸುತ್ತದೆ ಅಥವಾ ತಗ್ಗಿಸುತ್ತದೆ. ಮೂತ್ರಪಿಂಡದ ರೋಗಿಗಳಿಗೆ ಕೊಡುವ, 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಿನಕಾಲ್ಸೆಟ್ ಹೀಗೆಯೇ ಕ್ಯಾಲ್ಸಿಯಂ ಗ್ರಾಹಿಯ ಸೂಕ್ಷ್ಮತೆಯನ್ನು ಹೆಚ್ಚಿಸುತ್ತದೆ.

ಇನ್ನೂ ಮುಂದೆ ಹೋಗಿ, ಗ್ರಾಹಿಯ ಒಳಬದಿಯಲ್ಲಿ, ಜಿ ಪ್ರೋಟೀನು ಬಂದು ತಗಲುವ ಜಾಗದಲ್ಲಿಯೇ ಕೂರುವ ಅಣುಗಳೂ ಸಿಕ್ಕಿವೆ. ನ್ಯೂರೋಟೆನ್ಸಿನ್ ಎಂಬ ಸಂದೇಶವಾಹಕದ ಮೊದಲನೆಯ ಗ್ರಾಹಿಗೆ ಅಂಟುವ ಎಸ್‌ಬಿಐ-553 ಅದಕ್ಕೆ ಒಳ್ಳೆಯ ನಿದರ್ಶನ. ಅದು ಅಲ್ಲಿ ಕುಳಿತು ಕೆಲವು ಜಿ ಪ್ರೋಟೀನುಗಳಿಗೆ ಅಡ್ಡ ನಿಲ್ಲುತ್ತದೆ, ಕೆಲವಕ್ಕೆ ದಾರಿ ಬಿಡುತ್ತದೆ, ಅರೆಸ್ಟಿನ್‌ಗಂತೂ ಅಂಟಿನಂತೆ ನೆರವಾಗುತ್ತದೆ. ಮಾಮೂಲಿನಂತೆ ಈ ಗ್ರಾಹಿಯನ್ನು ಪೂರ್ತಿ ಚುರುಕುಗೊಳಿಸಿದರೆ ಮೈಬಿಸಿಯೂ ರಕ್ತದೊತ್ತಡವೂ ಕುಸಿಯುತ್ತವೆ. 2020ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಎಸ್‌ಬಿಐ-553 ಕೊಕೇನ್‌ನಂಥ ಮಾದಕದ್ರವ್ಯಗಳ ಸೆಳೆತವನ್ನು ತಗ್ಗಿಸಿತಾದರೂ ಆ ಎರಡು ತೊಂದರೆಗಳನ್ನು ತರಲಿಲ್ಲ. ಆ ಅಣುವಿನ ರಾಸಾಯನಿಕ ರಚನೆಯನ್ನು ಅಲ್ಪಸ್ವಲ್ಪ ತಿದ್ದಿದರೆ ಯಾವ ಜಿ ಪ್ರೋಟೀನಿಗೆ ದಾರಿ ಸಿಗಬೇಕೆಂಬುದನ್ನೂ ಬದಲಿಸಬಹುದೆಂದು 2025ರಲ್ಲಿ ಅದೇ ಸಾಲಿನ ಸಂಶೋಧನೆ ತೋರಿಸಿದೆ. ಔಷಧ ರಸಾಯನಶಾಸ್ತ್ರದಲ್ಲಿ ಇದು ನಿಜವಾಗಿಯೂ ದೊಡ್ಡ ಹೆಜ್ಜೆ ಎಂದು ನಾನು ಭಾವಿಸುತ್ತೇನೆ.

ನನ್ನ ಆತಂಕ ಇರುವುದು ಬೇರೆ ಕಡೆ. ಯಾವ ಉಪಕಾಲುವೆ ಯಾವ ಹೊಲಕ್ಕೆ ಹೋಗುತ್ತದೆ ಎಂಬ ನಕ್ಷೆ ಇಲ್ಲದೆ ಗೇಟು ತಿರುಗಿಸುವ ಕೌಶಲವೊಂದೇ ಸಾಲದು. ಮಾನ್ವಿ, ಸಿರವಾರದ ಕಡೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೇಲೆ ಎಲ್ಲೋ ಒಂದು ಕಡೆ ತಿರುಗಿಸಿದ ನೀರಿನ ಫಲ ಕೆಳಗೆ ಇನ್ನೆಲ್ಲೋ ಕಾಣಿಸಿಕೊಳ್ಳುತ್ತದೆ.

ಮಾರ್ಫಿನ್‌ನ ಕಥೆಯನ್ನೇ ನೋಡಬಹುದು. ಒಂದು ಬಗೆಯ ಅರೆಸ್ಟಿನ್ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಮಾರ್ಫಿನ್ ನೋವನ್ನು ಹೆಚ್ಚು ಚೆನ್ನಾಗಿ ಶಮನಗೊಳಿಸುತ್ತದೆ ಎಂದು 1999ರಲ್ಲಿ ವರದಿಯಾಯಿತು. ಉಸಿರಾಟ ಕುಗ್ಗುವ ಅಪಾಯವೂ ಅವುಗಳಲ್ಲಿ ಕಡಿಮೆ ಎಂಬ ವರದಿ 2005ರಲ್ಲಿ ಬಂತು. ನೋವು ಶಮನವಾಗುವುದು ಜಿ ಪ್ರೋಟೀನಿನ ದಾರಿಯಿಂದ, ಉಸಿರು ಕುಗ್ಗುವುದು ಅರೆಸ್ಟಿನ್ ದಾರಿಯಿಂದ ಎಂಬ ಅಂದವಾದ ವಿಂಗಡಣೆ ಹುಟ್ಟಿಕೊಂಡು, ಅದರ ಆಧಾರದ ಮೇಲೆ ವರ್ಷಗಟ್ಟಲೆ ಅಣುಗಳನ್ನು ಹುಡುಕಲಾಯಿತು. ಅವುಗಳಲ್ಲಿ ಒಂದಾದ ಒಲಿಸೆರಿಡಿನ್‌ಗೆ ಅಮೆರಿಕದ ಔಷಧ ನಿಯಂತ್ರಕರು ಮೊದಲು ಒಪ್ಪಿಗೆ ನಿರಾಕರಿಸಿ, 2020ರ ಆಗಸ್ಟ್‌ನಲ್ಲಿ ಅನುಮತಿ ಕೊಟ್ಟರು. ಆದರೆ ಉಸಿರಾಟದ ಅಪಾಯ ಮತ್ತು ವ್ಯಸನದ ಕುರಿತ ಕಟ್ಟೆಚ್ಚರಿಕೆ ಮಾರ್ಫಿನ್ ಗುಂಪಿನ ಇತರ ಔಷಧಗಳಿಗೆ, ಅಂದರೆ ಓಪಿಯಾಯ್ಡ್‌ಗಳಿಗೆ, ಇರುವಂತೆಯೇ ಅದರ ಮೇಲೂ ಇದೆ. ಅದೇ ವರ್ಷ ಬೇರೆ ಬೇರೆ ಪ್ರಯೋಗಾಲಯಗಳು ಒಟ್ಟಾಗಿ ಪರೀಕ್ಷಿಸಿದಾಗ, ಅರೆಸ್ಟಿನ್ ಇಲ್ಲದ ಇಲಿಗಳಲ್ಲಿಯೂ ಮಾರ್ಫಿನ್ ಉಸಿರನ್ನು ಅಷ್ಟೇ ಕುಗ್ಗಿಸಿತು. ಈ ಹೊಸ ಅಣುಗಳಲ್ಲಿ ಕಂಡ ಅಲ್ಪ ಸುರಕ್ಷತೆಗೆ ಕಾರಣ ದಾರಿಯ ಆಯ್ಕೆಯಲ್ಲ, ಅವು ಗ್ರಾಹಿಯನ್ನು ಒಟ್ಟಾರೆ ಮೆಲ್ಲಗೆ ಚುರುಕುಗೊಳಿಸುವುದು ಎಂಬ ವಿವರಣೆಗೆ ಈಗ ಹೆಚ್ಚು ಬಲವಿದೆ. ಇಪ್ಪತ್ತು ವರ್ಷ ನಂಬಿದ್ದ ನಕ್ಷೆಯಲ್ಲಿ ಕಾಲುವೆಯನ್ನೇ ತಪ್ಪಾಗಿ ಗುರುತಿಸಲಾಗಿತ್ತು.

ಮೆಣಸಿನಕಾಯಿಯ ಗ್ರಾಹಿಯ ಕಥೆ ಇನ್ನೂ ಮನಸ್ಸಿಗೆ ನಾಟುವಂಥದ್ದು. ನೋವಿನ ದ್ವಾರವನ್ನೇ ಮುಚ್ಚಿಬಿಟ್ಟರೆ ನೋವು ಹೋಗುತ್ತದೆಂಬ ನಿರೀಕ್ಷೆಯಿಂದ ಟಿ.ಆರ್.ಪಿ.ವಿ.1 ತಡೆಗಳನ್ನು ಹಲವು ಕಂಪನಿಗಳು ರೂಪಿಸಿದವು. ಎಎಂಜಿ 517 ಎಂಬುದನ್ನು ದವಡೆಹಲ್ಲು ಕೀಳಿಸಿಕೊಂಡವರಿಗೆ ಕೊಟ್ಟಾಗ ಮೈಬಿಸಿ ಏರಿ, ಕೆಲವರಲ್ಲಿ ದಿನಗಟ್ಟಲೆ ನಿಂತಿತು. ಅತಿ ಹೆಚ್ಚು ದಾಖಲಾದದ್ದು 40.2 ಡಿಗ್ರಿ ಎಂದು 2008ರಲ್ಲಿ ವರದಿಯಾಯಿತು. ನೋವಿನ ಸುದ್ದಿಗಾರನೆಂದು ತಿಳಿದಿದ್ದ ಗ್ರಾಹಿ, ದೇಹದ ಉಷ್ಣತೆಯನ್ನು ಹದದಲ್ಲಿಡುವ ಕೆಲಸದಲ್ಲಿಯೂ ಪಾಲುದಾರನಾಗಿತ್ತು. ಇಂಥ ಬೇರೆ ತಡೆಗಳನ್ನು ತೆಗೆದುಕೊಂಡವರಿಗೆ ಬಿಸಿ ನೀರಿನ ಬಿಸಿಯೇ ಸರಿಯಾಗಿ ತಿಳಿಯದೆ ಸುಟ್ಟುಕೊಳ್ಳುವ ಅಪಾಯ ಎದುರಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುವ ರಾಯಚೂರಿನಲ್ಲಿ, ಬಿಸಿಲಿನಲ್ಲಿ ದುಡಿಯುವ ಮೈಗೆ ಅಂಥ ಗುಳಿಗೆ ಕೊಟ್ಟರೆ ಏನಾಗಬಹುದೆಂದು ಯೋಚಿಸಿದಾಗ ನನಗೆ ಭಯವಾಗುತ್ತದೆ.

ಆಗ ಆಯ್ಕೆಯ ಎರಡನೆಯ ಹಂತ ನೆರವಿಗೆ ಬಂದಿತು. ಕ್ಯಾಪ್ಸೈಸಿನ್‌ನಿಂದ ದ್ವಾರ ತೆರೆಯುವುದನ್ನು ತಡೆದು, ಬಿಸಿ ಮತ್ತು ಆಮ್ಲದಿಂದ ತೆರೆಯುವುದನ್ನು ಬಹುಮಟ್ಟಿಗೆ ಹಾಗೆಯೇ ಬಿಡುವ ನಿಯೊ6860 ಎಂಬ ಅಣುವನ್ನು ರೂಪಿಸಲಾಯಿತು. ಅದನ್ನು ತೆಗೆದುಕೊಂಡವರ ಮೈಬಿಸಿ ಏರಲಿಲ್ಲ. ಅಷ್ಟರಮಟ್ಟಿಗೆ ಗೆಲುವು. ಆದರೆ ಮೊಣಕಾಲಿನ ಸಂಧಿವಾತದ ರೋಗಿಗಳಲ್ಲಿ ನಡೆಸಿದ ಚಿಕ್ಕ ಪ್ರಯೋಗದಲ್ಲಿ ಅದು ಔಷಧವಿಲ್ಲದ ಗುಳಿಗೆಗಿಂತ ಸ್ಪಷ್ಟವಾಗಿ ಮೇಲೆಂದು ಸಾಬೀತಾಗಲಿಲ್ಲ. ತೊಂದರೆಯ ಕಾಲುವೆಯನ್ನು ಬಿಟ್ಟುಬಿಡುವಾಗ ಉಪಯೋಗದ ನೀರೂ ಅದರಲ್ಲಿಯೇ ಹರಿದುಹೋಯಿತೇನೋ ಎಂಬ ಪ್ರಶ್ನೆಯನ್ನು ಈ ಫಲಿತಾಂಶ ನಮ್ಮ ಮುಂದಿಡುತ್ತದೆ.

ಇದೆಲ್ಲ ಈಗ ನಮ್ಮ ಊರಿನ ಔಷಧದ ಅಂಗಡಿಯ ಮಾತಾಗುತ್ತಿರುವುದು ಸಕ್ಕರೆ ಕಾಯಿಲೆ ಮತ್ತು ತೂಕ ಇಳಿಸುವ ಔಷಧಗಳ ಮೂಲಕ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ಕೆಲಸ ಮಾಡುವುದು ಜಿಎಲ್‌ಪಿ-1 ಗ್ರಾಹಿಯ ಮೇಲೆ. ಊಟವಾದ ಮೇಲೆ ಕರುಳು ಹೊರಡಿಸುವ ಹಾರ್ಮೋನಿಗೆ ಓಗೊಟ್ಟು ಇನ್ಸುಲಿನ್ ಹೆಚ್ಚಿಸುವ, ಹಸಿವನ್ನು ತಣಿಸುವ ಗ್ರಾಹಿ ಅದು. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗಿನದು. ಈ ಔಷಧಗಳು ಪ್ರೋಟೀನಿನ ತುಣುಕಿನಂಥ ದೊಡ್ಡ ಪೆಪ್ಟೈಡ್ ಅಣುಗಳಾದ್ದರಿಂದ ಹೊಟ್ಟೆ ಅವುಗಳನ್ನು ಆಹಾರದಂತೆ ಅರಗಿಸಿಬಿಡುತ್ತದೆ. ಸೆಮಾಗ್ಲುಟೈಡ್ ಗುಳಿಗೆ ಇದ್ದರೂ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಗುಟುಕು ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಏನನ್ನೂ ತಿನ್ನದೆ ಕಾಯಬೇಕು. ಅಷ್ಟು ಮಾಡಿದರೂ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ.

ಆದ್ದರಿಂದಲೇ ಆರ್ಫೊರ್ಗ್ಲಿಪ್ರಾನ್‌ನಂಥ ಸಣ್ಣ ಅಣುವಿನ ಮೇಲೆ ಇಷ್ಟು ಗಮನ. ಜಪಾನಿನ ಚುಗಾಯ್ ಕಂಪನಿ ಕಂಡುಹಿಡಿದು ಲಿಲ್ಲಿ ಕಂಪನಿ ಬೆಳೆಸಿದ ಈ ಅಣುವಿನ ತೂಕ ಸೆಮಾಗ್ಲುಟೈಡ್‌ನ ಕಾಲುಭಾಗಕ್ಕೂ ಕಡಿಮೆ. ಊಟ, ನೀರಿನ ಕಟ್ಟುಪಾಡಿಲ್ಲದೆ ದಿನಕ್ಕೊಂದು ನುಂಗಬಹುದು, ಶೀತಲ ಪೆಟ್ಟಿಗೆ ಬೇಡ, ಸೂಜಿ ಬೇಡ. ಮೇಲಾಗಿ ಅದು ಜಿ ಪ್ರೋಟೀನಿನ ದಾರಿಯನ್ನು ಚುರುಕುಗೊಳಿಸಿ, ಅರೆಸ್ಟಿನ್ ಅನ್ನು ಬಹಳ ಕಡಿಮೆ ಕರೆಯುತ್ತದೆ. ಹಾಗಾಗಿ ಗ್ರಾಹಿ ಕೋಶದೊಳಕ್ಕೆ ಎಳೆಯಲ್ಪಡದೆ ಹೆಚ್ಚು ಹೊತ್ತು ಮೇಲ್ಮೈಯಲ್ಲಿ ಉಳಿದೀತು ಎಂಬುದು ಲೆಕ್ಕಾಚಾರ. 2025ರಲ್ಲಿ ಹೊರಬಂದ ದೊಡ್ಡ ಪ್ರಯೋಗದಲ್ಲಿ, ಅತಿ ಹೆಚ್ಚಿನ ಪ್ರಮಾಣವನ್ನು 72 ವಾರ ತೆಗೆದುಕೊಂಡವರ ತೂಕ ಸರಾಸರಿ ಶೇ 11.2ರಷ್ಟು ಇಳಿಯಿತು; ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ಇಳಿದದ್ದು ಶೇ 2.1. ವಾಕರಿಕೆ, ವಾಂತಿ, ಮಲಬದ್ಧತೆ ಇಲ್ಲಿಯೂ ಉಳಿದುಕೊಂಡಿವೆ. ಅರೆಸ್ಟಿನ್ ದಾರಿ ತಪ್ಪಿಸಿದ್ದರಿಂದಲೇ ಈ ಫಲ ಬಂದಿದೆ ಎಂದು ಮಾತ್ರ ಯಾರೂ ಅವಸರದಿಂದ ಹೇಳಬಾರದು. ಮಾರ್ಫಿನ್ ಕಥೆಯನ್ನು ಓದಿದವರು ಹಾಗೆ ಹೇಳಲಾರರು.

ಇಲ್ಲಿ ಇನ್ನೊಂದು ವಿವರ ನನ್ನನ್ನು ಬಹಳ ಕಾಡಿದೆ. ಮನುಷ್ಯರ ಜಿಎಲ್‌ಪಿ-1 ಗ್ರಾಹಿಯ 33ನೆಯ ಸ್ಥಾನದಲ್ಲಿ ಟ್ರಿಪ್ಟೊಫಾನ್ ಎಂಬ ಅಮಿನೊ ಆಮ್ಲವಿದೆ, ಇಲಿಗಳಲ್ಲಿ ಅದೇ ಜಾಗದಲ್ಲಿ ಸೆರಿನ್ ಇದೆ. ಈ ಒಂದೇ ವ್ಯತ್ಯಾಸದಿಂದಾಗಿ ಆರ್ಫೊರ್ಗ್ಲಿಪ್ರಾನ್ ಸಾಮಾನ್ಯ ಇಲಿಗಳಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಮನುಷ್ಯರ ಗ್ರಾಹಿಯನ್ನು ಕೂಡಿಸಿದ ಇಲಿಗಳಲ್ಲಿ, ಮಂಗಗಳಲ್ಲಿ ಅದನ್ನು ಪರೀಕ್ಷಿಸಬೇಕಾಯಿತು. ಹೀಗೆ ಗ್ರಾಹಿಯ ಮೇಲೆ ಅಷ್ಟು ಕರಾರುವಾಕ್ಕಾಗಿ ಕೂರುವ ಅಣುವೂ ಗ್ರಾಹಿಯ ಆಚೆಗೆ ದೇಹದಲ್ಲಿ ಏನು ಮಾಡೀತೆಂಬುದು ಬೇರೆಯೇ ಪ್ರಶ್ನೆ. ಇದೇ ಗ್ರಾಹಿಗೆಂದು ಫೈಜರ್ ರೂಪಿಸಿದ್ದ ಎರಡು ಸಣ್ಣ ಅಣುಗಳಲ್ಲಿ ಲೋಟಿಗ್ಲಿಪ್ರಾನ್ ಅನ್ನು 2023ರಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದಕ್ಕಾಗಿಯೂ, ಡನುಗ್ಲಿಪ್ರಾನ್ ಅನ್ನು 2025ರ ಏಪ್ರಿಲ್‌ನಲ್ಲಿ ಒಬ್ಬ ವ್ಯಕ್ತಿಯ ಯಕೃತ್ತಿಗೆ ಔಷಧದಿಂದಲೇ ಹಾನಿಯಾಗಿರಬಹುದೆಂಬ ಕಾರಣಕ್ಕಾಗಿಯೂ ಕಂಪನಿಯೇ ಕೈಬಿಟ್ಟಿತು. ಎಲ್ಲರಿಗೂ ಎಟಕುವ ಗುಳಿಗೆ ಬಂದಾಗ ಅದು ನಮ್ಮ ಸೋದರತ್ತೆಯಂಥವರ ಕೈಗೆ ಚೀಟಿಯಿಲ್ಲದೆಯೇ ಸಿಗುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ ಯಕೃತ್ತಿನ ಪರೀಕ್ಷೆ, ನಡೆಯುತ್ತಿರುವ ಇತರ ಗುಳಿಗೆಗಳ ಪಟ್ಟಿ, ಹಳೆಯ ರೋಗಗಳ ವಿವರ ಇವನ್ನು ಮೊದಲೇ ಕೇಳಿ ತಿಳಿಯುವ ಪದ್ಧತಿ ಈ ಔಷಧಗಳಿಗಿಂತ ಮುಂಚೆ ನಮ್ಮ ತಾಲ್ಲೂಕುಗಳಿಗೆ ಬರಬೇಕು.

ಸೋದರತ್ತೆಗೆ ಈಗ ಸಕ್ಕರೆ ಕಾಯಿಲೆಯೂ ಇದೆ. ಹೋದ ಸಲ ಹೋದಾಗ, ತೂಕ ಇಳಿಸುವ ಗುಳಿಗೆಯ ಸುದ್ದಿಯನ್ನು ಮೊಮ್ಮಗಳ ಮೊಬೈಲಿನಲ್ಲಿ ನೋಡಿದ್ದಾಗಿ ಹೇಳಿ, ಅದು ತಮಗೆ ಆಗಿಬರುತ್ತದೆಯೇ ಎಂದು ಕೇಳಿದರು. ಉತ್ತರ ಹೇಳುವ ಮೊದಲು ನಾನು ಅವರ ಗುಳಿಗೆಗಳ ಸ್ಟೀಲ್ ಡಬ್ಬಿಯನ್ನು ತೆರೆದು ನೋಡಿದೆ. ಒಳಗೆ ಎಲ್ಲಕ್ಕಿಂತ ಮೇಲೆ, ನಾಲ್ಕು ಮಡಿಕೆ ಮಾಡಿದ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ, ಆ ರಾತ್ರಿಯ ಮರುದಿನ ಮಗನಿಂದ ಬರೆಸಿ ಇಟ್ಟುಕೊಂಡಿದ್ದ ಸಾಲು ಹಾಗೆಯೇ ಇತ್ತು: ‘ದಮ್ಮು ಇದೆ. ಪ್ರೊಪ್ರನೊಲಾಲ್ ಕೊಡಬಾರದು.’ ಅದರ ಕೆಳಗೆ ಅವರು ಈಗ ನುಂಗುತ್ತಿರುವ ಐದು ಗುಳಿಗೆಗಳ ಹೆಸರನ್ನೂ ಬರೆದು, ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನು ಜತೆಗೆ ಒಯ್ಯಲು ಹೇಳಿ ಬಂದೆ.